ತೊಳೆದ ಹೆಪ್ಪು

ನವೆಂಬರ್ 9, ಶನಿವಾರ

ಲ್ಯಾಬಿನಿಂದ ನಿವೃತ್ತಳಾದಾಗ ಕೊಟ್ಟ ಈ ದಪ್ಪ ಪುಸ್ತಕ ವಸಂತದಿಂದ ಖಾಲಿ ಬಿದ್ದಿತ್ತು. ಬಿಯರ್ ಮಾಡುವವರು ದಿನ, ಹೊತ್ತು, ಉಷ್ಣತೆಗಳನ್ನು ಬರೆದಿಡಬೇಕು. ಅದಕ್ಕೆಂದೇ ತೆರೆದಿದ್ದೇನೆ. ಬೇರೆ ಸಂಗತಿ ಇದರಲ್ಲಿ ಬರೆಯುವುದಿಲ್ಲ.

ಅಣ್ಣ ಅಸ್ಲಾಕ್ ಕೊಟ್ಟಿಗೆಯ ಬಾಗಿಲಲ್ಲಿ ಬಿದ್ದು ಇವತ್ತಿಗೆ ಇಪ್ಪತ್ತಾರು ದಿನ. ಪಾರ್ಶ್ವವಾಯು. ಬಲಗೈ ಬಲಗಾಲಿನ ಜೊತೆ ಮಾತೂ ಹೋಯಿತು. ಉಳಿದಿರುವುದು ‘ಹೌದು’ ಒಂದೇ. ನೀರು ಬೇಕೆ ಅಂದರೂ ಹೌದು, ಬೇಡವೆ ಅಂದರೂ ಹೌದು. ಎಲ್ಲವೂ ಅವನಿಗೆ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ ಎಂದು ಪುನಶ್ಚೇತನ ಕೇಂದ್ರದಲ್ಲಿ ಮಾತು ಕಲಿಸುವ ಲಿವ್ ಹೇಳಿದಳು.

ನಿನ್ನೆ ಹೋದಾಗ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಒಂದು ಡೊಂಕು ಉಂಗುರ ಬರೆದ. ಅದರ ಮೇಲೆ ಬೆರಳು ಕುಟ್ಟಿದ. ನನ್ನನ್ನು ನೋಡಿದ. ಮತ್ತೆ ಕುಟ್ಟಿದ. ನಾನು ಪೀಪಾಯಿ ಅಂದುಕೊಂಡೆ. “ಬಿಯರಾ? ಕ್ರಿಸ್‌ಮಸ್ ಬಿಯರಾ?” ಅಂದೆ. “ಹೌದು, ಹೌದು” ಅಂದ, ಕಣ್ಣಲ್ಲಿ ನೀರು ತುಂಬಿತು. ಅವನು ಅತ್ತದ್ದನ್ನು ಅಮ್ಮ ಸತ್ತಾಗಲೂ ನೋಡಿರಲಿಲ್ಲ.

ಕ್ರಿಸ್‌ಮಸ್ಸಿಗೆ ಮೂರು ದಿನ ಮನೆಗೆ ಕಳಿಸುತ್ತಾರಂತೆ. ಆವತ್ತಿಗೆ ಮನೆಯಲ್ಲಿ ಬಿಯರ್ ಇರಬೇಕು. ಅಜ್ಜಿಯ ಹೆಪ್ಪಿನಿಂದ ಹುಳಿಸಿದ ಬಿಯರ್ ಇಲ್ಲದ ಕ್ರಿಸ್‌ಮಸ್ ಈ ಮನೆ ಕಂಡಿಲ್ಲ ಎಂದು ವರ್ಷಕ್ಕೊಮ್ಮೆ ಅಣ್ಣ ಜಂಬ ಕೊಚ್ಚುತ್ತಿದ್ದ. ನಾನೇ ಮಾಡುತ್ತೇನೆ. ಇಪ್ಪತ್ತಾರು ವರ್ಷ ಹಾಲಿನ ಲ್ಯಾಬಿನಲ್ಲಿ ಸೂಕ್ಷ್ಮಜೀವಿಗಳ ಜೊತೆ ಸಂಸಾರ ಮಾಡಿದವಳಿಗೆ ಇದೇನು ಮಹಾ.

ನವೆಂಬರ್ 10, ಭಾನುವಾರ

ಬಿಯರ್ ಮನೆ ಅಂಗಳದಾಚೆ ಇದೆ. ಅದು ಅಣ್ಣನ ರಾಜ್ಯ. ಗಂಡನನ್ನು ಬಿಟ್ಟು ಇಲ್ಲಿಗೆ ಬಂದು ಎಂಟು ವರ್ಷವಾದರೂ ನಾನು ಅದರ ಹೊಸ್ತಿಲು ದಾಟಿರಲಿಲ್ಲ. ಬಿಯರ್ ಕಾಯಿಸುವ ದಿನ ಪೇಟೆಗೆ ಹೋಗಿಬಿಡುತ್ತಿದ್ದೆ. ಮನೆಯೊಳಗೆ ನನ್ನ ರಾಜ್ಯ. ಅಣ್ಣ ಬೂಟು ಹೊರಗೆ ಬಿಟ್ಟು, ಕೈ ತೊಳೆದು, ಎರಡೂ ಅಂಗೈ ತೋರಿಸಿಯೇ ನನ್ನ ಅಡುಗೆಮನೆಗೆ ಬರುತ್ತಿದ್ದ. ಶಿಸ್ತು ಅಂದರೆ ಶಿಸ್ತು.

ಅಲ್ಲಿ ಕಂಡದ್ದನ್ನು ಲ್ಯಾಬಿನ ಭಾಷೆಯಲ್ಲಿ ಬರೆದರೆ ಬೀಗ ಜಡಿಯಬೇಕಾಗುತ್ತದೆ. ತಾಮ್ರದ ಹಂಡೆಗೆ ಮಸಿ, ಮರದ ತೊಟ್ಟಿಗೆ ಹಸಿರು ಪಾಚಿ, ತೊಲೆಗಳಿಗೆ ಜೇಡರ ಬಲೆ. ಬೆಳಿಗ್ಗೆ ಎಂಟರಿಂದ ಉಜ್ಜಿದೆ. ಮರದ ತೊಟ್ಟಿಯನ್ನು ಆಚೆ ಸಾಗಿಸಿ, ಅಂಗಡಿಯಿಂದ ತಂದ, ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಬಕೆಟ್ ಇಟ್ಟೆ. ಪ್ರತಿ ಮುಚ್ಚಳಕ್ಕೂ ಒಂದು ಏರ್‌ಲಾಕ್. ಡೊಂಕು ಕೊಳವೆಯೊಳಗೆ ಒಂದಿಷ್ಟು ನೀರು, ಅಷ್ಟೇ ಅದರ ಯಂತ್ರ. ಒಳಗಿನ ಅನಿಲ ಗುಳುಗುಳು ಎಂದು ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ.

ತೊಲೆಗೆ ನೇತುಹಾಕಿದ್ದ ಹಿಟ್ಟಿನ ಚೀಲದಲ್ಲಿ ಅಜ್ಜಿಯ ಮರದ ಮಾಲೆ ಸಿಕ್ಕಿತು. ಚಿಕ್ಕ ಚಿಕ್ಕ ಮರದ ತುಣುಕುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡಿದ ಬಳೆಯಂಥದ್ದು. ಸಂದುಸಂದಿಗೂ ಕಂದು ಹೊರೆ ಮೆತ್ತಿಕೊಂಡಿತ್ತು. ಸೋಪಿನಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಅರ್ಧ ಗಂಟೆ ಕುದಿಸಿದೆ. ಹಾಲಿನಷ್ಟು ಬೆಳ್ಳಗಾಗಿದೆ. ಅಣ್ಣ ಬಂದಾಗ ಗೋಡೆಗೆ ತೂಗುಹಾಕುತ್ತೇನೆ, ಚೆಂದ ಕಾಣುತ್ತದೆ.

ಊಟ: ಆಲೂಗಡ್ಡೆ, ಕಂದು ಚೀಸ್. ಒಬ್ಬಳಿಗೆ ಎಷ್ಟು ಆಲೂಗಡ್ಡೆ ಬೇಯಿಸಬೇಕೋ ಇನ್ನೂ ತಿಳಿಯುತ್ತಿಲ್ಲ.

ನವೆಂಬರ್ 16, ಶನಿವಾರ

ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿದೆ. ಘಮಘಮಿಸುವ ಜುನಿಪರ್ ಪೊದೆಯ ಕೊಂಬೆ ಕುದಿಸಿದ ನೀರು, ಅದರಲ್ಲಿ ಮೊಳಕೆ ಬಾರ್ಲಿ, ಸೋಸಿ ಮತ್ತೆ ನಾಲ್ಕು ಗಂಟೆ ಕುದಿ. ಎಲ್ಲ ಕ್ರಮವಾಗಿ ಆಯಿತು. ಸಿಹಿರಸ ಬಕೆಟ್ಟಿಗೆ ಬಿತ್ತು, ಹದಕ್ಕೆ ಆರಿತು. ಹೆಪ್ಪು ತರಲು ನೆಲಮಾಳಿಗೆಗೆ ಹೋದೆ. ಹೋದ ವರ್ಷದ ಬಿಯರಿನ ತಳದ ಗಸಿಯನ್ನು ಅಣ್ಣ ಜಾಮ್ ಬಾಟಲಿಯಲ್ಲಿ ತುಂಬಿ ಅಲ್ಲಿನ ಫ್ರಿಜ್ಜಿನಲ್ಲಿ ಇಡುತ್ತಾನೆ.

ಫ್ರಿಜ್ಜು ಆರಿಹೋಗಿತ್ತು. ಯಾವಾಗ ಆರಿತೋ ದೇವರಿಗೇ ಗೊತ್ತು. ಬಾಟಲಿಯ ಮೇಲೆ ಗುಲಾಬಿ ಬಣ್ಣದ ಪದರ, ಮುಚ್ಚಳ ತೆಗೆದರೆ ಕೊಳೆತ ಮೀನಿನ ವಾಸನೆ. ಸತ್ತದ್ದನ್ನು ಗುರುತಿಸಲು ನನಗೆ ಸೂಕ್ಷ್ಮದರ್ಶಕ ಬೇಕಿಲ್ಲ.

ಆಗ ಮಾಲೆ ನೆನಪಾಯಿತು. ಹಿಂದಿನವರು ಹೆಪ್ಪನ್ನು ಮಾಲೆಗೆ ಅದ್ದಿ ಒಣಗಿಸುತ್ತಿದ್ದರು ಎಂದು ಕೇಳಿದ್ದೆ. ಅದು ಅಜ್ಜಿಯ ಕಾಲಕ್ಕೇ ಮುಗಿದ ಮಾತು ಅಂದುಕೊಂಡಿದ್ದೆ. ಓಡಿಹೋಗಿ ಹಿಟ್ಟಿನ ಚೀಲ ಕೊಡವಿದೆ. ತಳದಿಂದ ಒಂದು ಚೀಟಿ ಬಿತ್ತು. ಅಣ್ಣನ ಅಕ್ಷರ: ‘ಅದ್ದಿದ್ದು, ಡಿಸೆಂಬರ್ 14.’ ಹೋದ ವರ್ಷದ್ದು.

ಅಣ್ಣ ಬರೆದದ್ದು ಪೀಪಾಯಿಯಲ್ಲ. ಮಾಲೆ.

ನಾನು ಉಜ್ಜಿ ತೆಗೆದ ಆ ಕೊಳೆಯೇ ಹೆಪ್ಪು. ಒಣಗಿ ಮಲಗಿದ್ದ ಜೀವ. ನೂರು ವರ್ಷ ಈ ಮನೆಯಲ್ಲಿ ಬದುಕಿದ್ದನ್ನು ಕುದಿಸಿ ಕೊಂದು, ಬೆಳ್ಳಗಾಯಿತೆಂದು ಈ ಪುಸ್ತಕದಲ್ಲೇ ಬರೆದುಕೊಂಡಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸಿಹಿರಸ ಕಾಯುವುದಿಲ್ಲ. ಬಕೆಟ್ಟಿನ ಜೊತೆ ಬಂದಿದ್ದ ಅಂಗಡಿಯ ಯೀಸ್ಟ್ ಪೊಟ್ಟಣವನ್ನು ಒಡೆದು ಸುರಿದೆ. ಏರ್‌ಲಾಕ್ ಸಿಕ್ಕಿಸಿದೆ. ಕೈ ತೊಳೆದೆ. ಮತ್ತೆ ತೊಳೆದೆ.

ನವೆಂಬರ್ 17, ಭಾನುವಾರ

ಬೆಳಿಗ್ಗೆ ಬಾಗಿಲು ತೆರೆದರೆ ಮೊದಲ ಬಕೆಟ್ಟಿನ ಮುಚ್ಚಳ ನೆಲದ ಮೇಲೆ, ಕಂದು ನೊರೆ ಗೋಡೆಯ ಮೇಲೆ. ಬಕೆಟ್ ಕಂಠಮಟ್ಟ ತುಂಬಿದ್ದು ನನ್ನದೇ ತಪ್ಪು. ನೊರೆ ಏಳಲು ಜಾಗವಿರಲಿಲ್ಲ. ಅದು ಏರ್‌ಲಾಕಿಗೆ ನುಗ್ಗಿ, ಅಲ್ಲೇ ಗಟ್ಟಿಯಾಗಿ ಬಾಯಿ ಕಟ್ಟಿತು. ಒಳಗಿನ ಒತ್ತಡ ಮುಚ್ಚಳವನ್ನೇ ಹಾರಿಸಿತು. ಎರಡನೆಯದರ ಮುಚ್ಚಳ ಉಬ್ಬಿ ನಿಂತಿತ್ತು. ಏರ್‌ಲಾಕನ್ನು ಮೆಲ್ಲಗೆ ತಿರುಚಿ ಎಳೆದರೆ ಮುಖಕ್ಕೇ ಚಿಮ್ಮಿತು.

ಎರಡರಿಂದಲೂ ಸ್ವಲ್ಪ ರಸ ತೆಗೆದೆ. ಅಂಚು, ಮುಚ್ಚಳ, ತೂತು ಎಲ್ಲವನ್ನೂ ಸೋಂಕುನಾಶಕದಿಂದ ಒರೆಸಿದೆ. ಏರ್‌ಲಾಕಿನ ಬದಲು ಹೆಬ್ಬೆರಳು ಗಾತ್ರದ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸೋಂಕುನಾಶಕದ ನೀರು ತುಂಬಿದ ಜಾಡಿಯಲ್ಲಿ ಮುಳುಗಿಸಿದೆ. ಈಗ ನೊರೆ ಬಂದರೆ ಜಾಡಿಗೆ ಬೀಳುತ್ತದೆ, ಅನಿಲ ಗುಳ್ಳೆಯಾಗಿ ಹೋಗುತ್ತದೆ. ಮೊದಲೇ ಮಾಡಬೇಕಿತ್ತು.

ಗೋಡೆ ಒರೆಸುತ್ತ ಜೋರಾಗಿ ಬೈದೆ. ಯಾರಿಗೆ ಬೈದೆನೋ ಗೊತ್ತಿಲ್ಲ.

ನವೆಂಬರ್ 19, ಮಂಗಳವಾರ

ನಿಮಿಷಕ್ಕೆ 42 ಗುಳ್ಳೆ. ಉಷ್ಣತೆ 20.

ಕಾಫಿಯನ್ನು ಬಿಯರ್ ಮನೆಗೇ ಒಯ್ದು ಕುಡಿದೆ. ಊಟವನ್ನೂ ಅಲ್ಲೇ ಮಾಡಿದೆ. ಗುಳುಗುಳು ಸದ್ದು ಕೇಳುತ್ತ ಕೂತರೆ ಪಕ್ಕದಲ್ಲಿ ಯಾರೋ ಉಸಿರಾಡುತ್ತಿರುವಂತೆ ಇರುತ್ತದೆ. ಮನೆಯೊಳಗೆ ಗಡಿಯಾರ ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲೂ ಇಷ್ಟೇ ಮೌನವಿತ್ತೇನೋ. ಆಗ ಅಣ್ಣ ಕೆಮ್ಮುತ್ತಿದ್ದ.

ನವೆಂಬರ್ 22, ಶುಕ್ರವಾರ

ಗುಳ್ಳೆ ನಿಂತಿತು. ಒಂದು ಗಂಟೆ ಕೂತು ನೋಡಿದೆ. ಇಲ್ಲ.

ನವೆಂಬರ್ 24, ಭಾನುವಾರ

ರುಚಿ ನೋಡಿದೆ. ತಪ್ಪು ಹಿಡಿಯಲು ಏನೂ ಇಲ್ಲ. ಶುದ್ಧ, ಸಪ್ಪೆ, ಅಂಗಡಿಯ ಬಿಯರ್. ನಮ್ಮ ಬಿಯರಿಗೆ ಕಿತ್ತಳೆ ಸಿಪ್ಪೆಯ, ಕುರಿ ಕೊಟ್ಟಿಗೆಯ, ಹೊಗೆಯ ಒಂದು ಘಾಟು ಇರುತ್ತಿತ್ತು. ನನಗೆ ಅದು ಇಷ್ಟವಿರಲಿಲ್ಲ. ಈಗ ಅದಕ್ಕಾಗಿ ನಾಲಗೆ ಹುಡುಕಿತು.

ಚಿಕ್ಕ ಸೀಸೆಯಲ್ಲಿ ಒಯ್ದೆ. ವೈದ್ಯರ ಅಪ್ಪಣೆ ಕೇಳಿ ಒಂದು ಚಮಚ ಅಣ್ಣನ ನಾಲಗೆಗೆ ಹಚ್ಚಿದೆ. ಚಪ್ಪರಿಸಿದ. ನನ್ನ ಮುಖ ನೋಡಿದ. ಎಡಗೈ ಚಾಚಿ ಗಾಳಿಯಲ್ಲಿ ಉಂಗುರ ಬರೆದ. ಆಮೇಲೆ ಹುಬ್ಬೇರಿಸಿದ. ಕೇಳುತ್ತಿದ್ದಾನೆ ಎಂದು ಮಗುವಿಗೂ ತಿಳಿಯುತ್ತಿತ್ತು.

“ಹ್ಞೂಂ, ಅಜ್ಜಿ ಹೆಪ್ಪಿನದ್ದೇ ಅಣ್ಣ,” ಅಂದೆ. “ಮಾಲೆಯಿಂದಾನೇ.”

“ಹೌದು,” ಅಂದ. ಗೋಡೆಯ ಕಡೆ ತಿರುಗಿ ಮಲಗಿದ. ನಾನು ಹೊರಡುವ ತನಕ ಈ ಕಡೆ ತಿರುಗಲಿಲ್ಲ.

ಲಿವ್ ಬಾಗಿಲ ತನಕ ಬಂದು, “ನಿಮ್ಮಿಬ್ಬರ ಮಧ್ಯೆ ಏನಾದ್ರೂ ಆಯ್ತಾ?” ಎಂದು ಕೇಳಿದಳು. “ಅವನಿಗೆ ಮಾತೇ ಬರಲ್ವಲ್ಲಮ್ಮ, ಆಗೋದೇನು?” ಅಂದೆ. ಎಂಥ ಮಾತು ಆಡಿಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನವೆಂಬರ್ 25, ಸೋಮವಾರ

ಎರಡೂ ಬಕೆಟ್ ಬಿಯರನ್ನು ಚರಂಡಿಗೆ ಚೆಲ್ಲಿದೆ. ಬಕೆಟ್ ತೊಳೆದೆ.

ನವೆಂಬರ್ 28, ಗುರುವಾರ

ಬರೆಯಲು ಏನೂ ಇಲ್ಲ. ಯಾರೂ ಬಂದಿಲ್ಲ.

ಡಿಸೆಂಬರ್ 1, ಭಾನುವಾರ

ನಮ್ಮ ಕಣಿವೆಯಲ್ಲಿ ಹಳೆಯ ಹೆಪ್ಪು ಉಳಿದಿರುವುದು ಎರಡೇ ಮನೆಯಲ್ಲಿ. ನಮ್ಮಲ್ಲಿ, ಮತ್ತೆ ಇನ್ನೂರು ಹೆಜ್ಜೆ ಕೆಳಗಿನ ಔದುನ್ ಮನೆಯಲ್ಲಿ. ಔದುನ್ ಅಣ್ಣನ ಗೆಳೆಯ. ನನ್ನ ಜೊತೆ ಮಾತು ಬಿಟ್ಟು ಆರು ವರ್ಷ. ಅವನ ಹಾಲಿನಲ್ಲಿ ಹಸುವಿಗೆ ಕೊಟ್ಟ ಔಷಧಿಯ ಅಂಶವಿದೆ ಎಂದು ಲ್ಯಾಬಿನಲ್ಲಿ ಮೂರು ಸಲ ಬರೆದವಳು ನಾನು. ಮೂರನೆಯ ಸಲದ ನಂತರ ಅವನು ಹಸುಗಳನ್ನು ಮಾರಿದ. ಅಣ್ಣ ಬಿದ್ದ ಮರುದಿನ ನಮ್ಮ ಕುರಿಗಳನ್ನು ತನ್ನ ಕೊಟ್ಟಿಗೆಗೆ ಹೊಡೆದುಕೊಂಡು ಹೋದದ್ದೂ ಅವನೇ. ಆವತ್ತೂ ನನಗೆ ಒಂದು ಮಾತು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇವತ್ತು ಚರ್ಚು ಮುಗಿಯುವ ಹೊತ್ತಿಗೆ ಇಳಿದುಹೋದೆ. ಎರಡು ಸಲ ಅರ್ಧ ದಾರಿಯಿಂದ ಹಿಂದೆ ಬಂದಿದ್ದೆ, ಇದು ಮೂರನೆಯ ಸಲ. ಬಾಗಿಲು ತೆರೆದು ಅಡ್ಡ ನಿಂತ.

“ಏನು?”

“ಸ್ವಲ್ಪ ಹೆಪ್ಪು ಬೇಕಿತ್ತು.”

“ನಿಮ್ಮದೇನಾಯ್ತು?”

ಹೆಪ್ಪು ಕೇಳಲು ಬಂದವರು ತಮ್ಮದು ಏನಾಯಿತೆಂದು ಬಾಯಿಬಿಟ್ಟು ಹೇಳಬೇಕು. ಹೇಳದವರಿಗೆ ಇಲ್ಲಿ ಯಾರೂ ಕೊಡುವುದಿಲ್ಲ. ಅದು ಗೊತ್ತಿದ್ದೇ ಎರಡು ಸಲ ಹಿಂದೆ ಬಂದದ್ದು.

“ಬಾಟಲೀದು ಕೊಳೀತು. ಮಾಲೇದನ್ನ ನಾನು ತೊಳೆದೆ.”

“ತೊಳೆದೆ ಅಂದ್ರೆ?”

“ಸೋಪು ಹಾಕಿ ಉಜ್ಜಿದೆ. ಆಮೇಲೆ ಕುದಿಸಿದೆ.”

“ಎಷ್ಟೊತ್ತು?”

“ಅರ್ಧ ಗಂಟೆ.”

ಔದುನ್ ಬಾಗಿಲ ಚೌಕಟ್ಟಿಗೆ ಒರಗಿದ. “ನಮ್ಮ ಹಾಲಾಯ್ತು, ಹಸು ಆಯ್ತು. ಈಗ ನಿಮ್ಮಜ್ಜೀನೂ ತೊಳೆದು ಹಾಕಿದ್ಯಾ.”

“ಬಾಗಿಲಲ್ಲೇ ನಿಲ್ಲಿಸಿ ಬೈತೀಯೋ, ಒಳಗೆ ಕರೆದು ಬೈತೀಯೋ?” ಅಂದೆ. ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು.

“ಬಾ. ಕಾಲು ಒರೆಸ್ಕೋಬೇಡ, ಈ ಮನೇಲಿ ಅದು ಕಡ್ಡಾಯ ಅಲ್ಲ.”

ಕಾಫಿ ಕೊಟ್ಟ. ಕಪ್ಪಿನ ಅಂಚು ನೋಡದ ಹಾಗೆ ನಟಿಸಿ ಕುಡಿದೆ. ಅರ್ಧ ಕಪ್ಪಿಗೆ ನಿಲ್ಲಿಸಿ ನಾನೇ ಅಂದೆ, “ಹಾಲಲ್ಲಿ ಔಷಧಿ ಇತ್ತು ಔದುನ್. ಇದ್ದದ್ದನ್ನ ಬರೆದೆ.”

“ಇತ್ತು. ನನಗೂ ಗೊತ್ತಿತ್ತು. ಬರೆದದ್ದಕ್ಕೆ ಕೋಪ ಅಂದ್ಕೊಂಡ್ಯಾ? ಮೊದಲನೇ ಸಲಾನೇ ಇಳಿದು ಬಂದು, ಔದುನ್ ಹೀಗಾಗಿದೆ, ಯಾವ ಹಸು ನೋಡ್ಕೋ ಅನ್ನಬಹುದಿತ್ತು. ಇನ್ನೂರು ಹೆಜ್ಜೆ. ನೀನು ಕಾಗದ ಕಳಿಸಿದೆ.”

ಉಳಿದರ್ಧ ಕಾಫಿಯನ್ನೂ ತಳದ ತನಕ ಕುಡಿದೆ.

ಆಮೇಲೆ ಅವನು ಫ್ರೀಜರಿನಿಂದ ಒಂದು ಪೊಟ್ಟಣ ತೆಗೆದ. ಒಳಗೆ ಒಣಗಿದ ಕಂದು ಚೂರುಗಳು. “ತಗೋ. ಇದೂ ನಿಮ್ಮನೇದೇ.”

“ಅದು ಹೇಗೆ?”

“ಅಸ್ಲಾಕನ್ನ ಕೇಳು.”

“ಅವನಿಗೆ ಮಾತೆಲ್ಲಿದೆ?”

“ಕಿವಿ ಇದೆಯಲ್ಲ. ಮೊದಲು ನೀನು ಹೇಳು.” ಬಾಗಿಲ ತನಕ ಬಂದು, “ಶನಿವಾರ ನಾನೂ ಬರ್ತೀನಿ. ನಿನ್ನೊಬ್ಬಳ ಕೈಗೆ ಬಿಟ್ರೆ ಇದನ್ನೂ ಸ್ನಾನ ಮಾಡಿಸ್ತೀಯ,” ಎಂದ.

ಡಿಸೆಂಬರ್ 7, ಶನಿವಾರ

ಔದುನ್ ಏಳಕ್ಕೆ ಬಂದ. ದಿನವಿಡೀ ಜಗಳ. ಏರ್‌ಲಾಕ್ ಎಂದರೆ ಅವನಿಗೆ ನಗು. “ಇದು ಬಿಯರೋ, ಆಪರೇಷನ್ನೋ?” ಪಾತ್ರೆ ತೊಳೆಯದೆ ರಸ ಮುಟ್ಟಲು ನಾನು ಬಿಡಲಿಲ್ಲ. ಕೊನೆಗೆ ರಾಜಿಯಾಯಿತು. ಪಾತ್ರೆಗಳೆಲ್ಲ ನನ್ನ ಸೋಂಕುನಾಶಕದಲ್ಲಿ ಮುಳುಗಿ ಏಳಬೇಕು, ಹೆಪ್ಪಿನ ಹತ್ತಿರ ನಾನು ಸುಳಿಯಬಾರದು. ಒಂದು ಬಕೆಟ್ಟಿಗೆ ನನ್ನ ಕೊಳವೆ, ಇನ್ನೊಂದಕ್ಕೆ ಅವನು ಮೇಲೆ ಹೊದಿಸಿದ ಬಟ್ಟೆ. ಎರಡರಲ್ಲೂ ಮೂರರಲ್ಲೊಂದು ಪಾಲು ಖಾಲಿ.

ರಸ ಕರು ಕುಡಿಯುವ ಹಾಲಿನಷ್ಟು ಬೆಚ್ಚಗಿರುವಾಗಲೇ ಹೆಪ್ಪು ಹಾಕಿಸಿದ. ಹಾಕುವಾಗ ಕೂಗಬೇಕಂತೆ. ಕೂಗಿಗೆ ತಕ್ಕ ಅಮಲು ಎಂದು ಹಿಂದಿನವರ ನಂಬಿಕೆ. ಅವನು ಗೂಳಿಯ ಹಾಗೆ ಗುಟುರು ಹಾಕಿದ. “ಈಗ ನೀನು.” ನಾನು ಮೆಲ್ಲಗೆ ಏನೋ ಅಂದೆ. “ಅದು ಬಿಕ್ಕಳಿಕೆ. ಕೂಗು.” ಕೂಗಿದೆ. ಎರಡನೆಯ ಸಲ ತಾನಾಗಿಯೇ ಬಂತು, ನಿಲ್ಲಿಸಲು ಹೊತ್ತಾಯಿತು. ಔದುನ್ ಒಲೆಯ ಕಡೆ ತಿರುಗಿ ಸೌದೆ ಸರಿಮಾಡುತ್ತಿದ್ದ.

ಗಂಟಲು ನೋಯುತ್ತಿದೆ. ಉಪ್ಪುನೀರು ಮುಕ್ಕಳಿಸಿದೆ. ಆಲೂಗಡ್ಡೆ ಇಬ್ಬರಿಗೂ ಸಾಲಲಿಲ್ಲ.

ಡಿಸೆಂಬರ್ 8, ಭಾನುವಾರ

ಬೆಳಿಗ್ಗೆ ನೋಡಿದರೆ ನೊರೆ ಅವನ ಬಟ್ಟೆಯನ್ನು ಎತ್ತಿ ಹೊರಗಿಟ್ಟಿತ್ತು. ನನ್ನ ಜಾಡಿ ತುಂಬಿ ಹರಿದಿತ್ತು. ಇಬ್ಬರೂ ಸೋತೆವು. ಗುಳ್ಳೆ ಎಣಿಸಲು ಆಗಲಿಲ್ಲ, ಒಂದೇ ಸಮನೆ ಗೊರಕೆ. ಮನೆ ತುಂಬ ಕಿತ್ತಳೆ ಸಿಪ್ಪೆಯ ವಾಸನೆ.

ಡಿಸೆಂಬರ್ 15, ಭಾನುವಾರ

ಅಣ್ಣನಿಗೆ ಹೇಳಲೆಂದೇ ಹೋಗಿದ್ದೆ. ಹೇಳಲಿಲ್ಲ. ಎರಡು ಸಲ ಬಾಯಿ ತೆರೆದು ಕ್ಷೌರದ ವಿಷಯ ಮಾತಾಡಿದೆ. ತಿರುಗಿ ಬೈಯಲೂ ಬಾರದವನ ಮುಂದೆ ತಪ್ಪೊಪ್ಪಿಕೊಳ್ಳುವುದು ಹೇಗೆ? ಅವನು “ಹೌದು” ಅಂದುಬಿಟ್ಟರೆ ಅದರಲ್ಲಿ ಕ್ಷಮೆ ಇದೆಯೋ ಶಾಪ ಇದೆಯೋ ನಾನು ಹೇಗೆ ತಿಳಿಯಲಿ? ಔದುನ್ ಕೊಟ್ಟ ಹೆಪ್ಪಿನ ಬಿಯರನ್ನು ಸುಮ್ಮನೆ ಮುಂದಿಟ್ಟರೆ ಅವನಿಗೆ ಗೊತ್ತಾಗುವುದೇ ಇಲ್ಲ. ಹಾಗೂ ಮಾಡಬಹುದು.

ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಇದನ್ನೇ ಯೋಚಿಸಿದೆ. ಬೇಸರವಾಯಿತು.

ಡಿಸೆಂಬರ್ 23, ಸೋಮವಾರ

ಹನ್ನೊಂದಕ್ಕೆ ಅಣ್ಣನನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಔದುನ್ ಹಲಗೆ ಹಾಸಿ ಮೆಟ್ಟಿಲು ಹತ್ತಿಸಿದ. ಕುರ್ಚಿಯ ಗಾಲಿಗಳ ತುಂಬ ಕೆಸರುಹಿಮ. ಹಾಗೇ ಒಳಗೆ ಬಂತು, ಒಲೆಯ ಪಕ್ಕ ನಿಂತಿತು. ಮೂವರೂ ಮೇಜಿನ ಸುತ್ತ ಕೂತೆವು. ನಾಳೆಯ ಉಪ್ಪುಮಾಂಸ ಪಾತ್ರೆಯಲ್ಲಿ ನೆನೆಯುತ್ತಿತ್ತು.

ಅಣ್ಣನಿಗೆ ಅರ್ಧ ಲೋಟಕ್ಕೆ ಅಪ್ಪಣೆ ಇದೆ. ಮರದ ಮಗ್ಗಿನಲ್ಲಿ ಬಗ್ಗಿಸಿ ಎಡಗೈಗೆ ಕೊಟ್ಟೆ. ಮೊದಲು ಮೂಸಿದ. ಕಣ್ಣು ಮುಚ್ಚಿದ. ಒಂದು ಗುಟುಕು ಕುಡಿದು ಮಗ್ಗನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಮುಖ ಒಂದು ಕಡೆಗೆ ಮಾತ್ರ ಅರಳಿತು, ಅರಳಲು ಬರುವ ಕಡೆಗೆ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಔದುನ್ ತುಟಿ ಬಿಚ್ಚುವವನಲ್ಲ. ಆದರೆ ಆ ಮುಖ ನೋಡಿಕೊಂಡು ಸುಳ್ಳು ಉಳಿಸಿಕೊಳ್ಳುವುದು ನನ್ನಿಂದ ಆಗಲಿಲ್ಲ.

“ಅಣ್ಣ, ಆವತ್ತು ನಿನ್ನ ಹತ್ರ ಸುಳ್ಳು ಹೇಳ್ದೆ. ಅದು ಅಂಗಡಿ ಯೀಸ್ಟು. ಇದು ಔದುನ್ ಕೊಟ್ಟಿದ್ದು. ಅಜ್ಜಿ ಹೆಪ್ಪು ಇಲ್ಲ. ಕೊಳೆ ಅಂದ್ಕೊಂಡು ನಾನೇ ಸೋಪಲ್ಲಿ ತೊಳೆದು ಕುದಿಸ್ಬಿಟ್ಟೆ.”

ಅಣ್ಣ ನನ್ನನ್ನೇ ನೋಡಿದ. ಔದುನ್ ಸೂರು ನೋಡುತ್ತಿದ್ದ. ಅಣ್ಣನ ಎಡಗೈ ಮೇಜಿನಿಂದ ಎದ್ದಿತು. ಒಂದು ಬೆರಳು ಎತ್ತಿ, ತನ್ನ ಎದೆ ಮುಟ್ಟಿಕೊಂಡ. ಎರಡು ಬೆರಳು, ಮತ್ತೆ ಎದೆ. ಮೂರು, ಮತ್ತೆ ಎದೆ. ಆಮೇಲೆ ನಾಲ್ಕನೆಯ ಬೆರಳನ್ನು ಬಿಡಿಸಿ ನನ್ನ ಕಡೆ ಚಾಚಿದ.

ನನಗೆ ತಿಳಿಯಲಿಲ್ಲ. ಔದುನ್ ಗಂಟಲು ಸರಿಮಾಡಿಕೊಂಡ. “ಮೂರು ಸಲ ಕೊಂದಿದ್ದಾನೆ ಮಹಾಶಯ. ಒಂದ್ಸಲ ಇಲಿ ತಿಂತು, ಒಂದ್ಸಲ ಕುದಿಯೋ ರಸಕ್ಕೇ ಸುರಿದ. ಇನ್ನೊಂದ್ಸಲ ಕುಡಿದ ಮತ್ತಲ್ಲಿ ಮಾಲೆ ಒಲೆ ಬಿಸಿಗೆ ಬಿಟ್ಟು ಮಲಗಿದ. ಮೂರು ಸಲಾನೂ ಜಾಮ್ ಬಾಟಲಿ ಹಿಡ್ಕೊಂಡು ನಮ್ಮನೆ ಬಾಗಿಲಿಗೆ ಬಂದ. ನಮ್ಮದೇನು ಸಾಯ್ಲಿಲ್ವಾ? ಎರಡು ಸಲ ಸತ್ತಿದೆ, ನಿಮ್ಮಜ್ಜಿ ಹತ್ರ ತಂದಿದ್ದೀವಿ. ಅದಕ್ಕೇ ಇದು ನಿಮ್ಮನೇದೇ ಅಂದಿದ್ದು.”

ನನಗೆ ಮೊದಲು ಬಂದದ್ದು ಸಿಟ್ಟು. ಐದು ವಾರ ನಾನು ಕೊಲೆಗಾತಿಯ ಹಾಗೆ ಈ ಮನೆಯಲ್ಲಿ ಒಬ್ಬಳೇ ತಿರುಗಿದ್ದೇನೆ. “ಎಂಟು ವರ್ಷ ಒಂದೇ ಮನೇಲಿದ್ದೀವಿ,” ಅಂದೆ. “ವರ್ಷಾ ವರ್ಷಾ ಅಜ್ಜಿ ಹೆಪ್ಪು, ನೂರು ವರ್ಷದ ಹೆಪ್ಪು ಅಂತ ಕೊಚ್ಚಿಕೊಂಡೆ. ನನಗೆ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?”

ಅಣ್ಣನ ಕೈ ಮತ್ತೆ ಎದ್ದಿತು. ಬೆರಳು ನನ್ನ ಕಡೆ ತೋರಿತು. ಆಮೇಲೆ ಸತ್ತ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಅದರ ಅಂಗೈಯನ್ನು ಎಡಗೈಯಿಂದ ಗಸಗಸ ಉಜ್ಜಿದ. ಹಿಂದೆ ಮುಂದೆ, ಬೆರಳ ಸಂದಿ, ಮಣಿಕಟ್ಟು. ಉಜ್ಜಿ ಮುಗಿಸಿ, ಎಡಗೈಯನ್ನು ಅಂಗೈ ಮೇಲಾಗಿಸಿ ನನ್ನ ಮುಂದೆ ಹಿಡಿದ. ತಪಾಸಣೆಗೆ ಕಾಯುವವನ ಹಾಗೆ ಹಿಡಿದೇ ಕೂತ.

ಔದುನ್ ನಕ್ಕ. ಅಣ್ಣನೂ ನಕ್ಕ. ನನಗೆ ನಗು ಬರಲಿಲ್ಲ. ಅಣ್ಣ ಹೆದರುತ್ತಿದ್ದದ್ದು ನನಗೆ. ಈ ಮನೆಯಲ್ಲಿ ಒಂಟಿ ಎಂದರೆ ನಾನೊಬ್ಬಳೇ ಎಂದು ಎಂಟು ವರ್ಷ ನಂಬಿಕೊಂಡು ಬಂದಿದ್ದೆ. ಗೋಡೆಯಾಚೆ ಅವನೂ ಹಾಗೇ ಇದ್ದ, ನನ್ನ ದೆಸೆಯಿಂದ ಇದ್ದ.

ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಔದುನ್ ಎದ್ದು ಕುರಿಗಳಿಗೆ ಮೇವು ಹಾಕಿಬರುತ್ತೇನೆಂದು ಹೋದ. ಅಣ್ಣ ಮಗ್ಗಿನ ಕಡೆ ಕಣ್ಣು ಮಾಡಿದ, ಕುಡಿಸಿದೆ. ಸತ್ತ ಬದಿಯ ತುಟಿಯಿಂದ ಬಿಯರು ಗಲ್ಲಕ್ಕೆ ಇಳಿಯಿತು. ಬಟ್ಟೆ ಹತ್ತಿರದಲ್ಲಿ ಇರಲಿಲ್ಲ, ನನ್ನ ತೋಳಿನಿಂದ ಒರೆಸಿ ಇನ್ನೊಂದು ಗುಟುಕು ಕುಡಿಸಿದೆ.